ಬಿರುಕು ಬಿಡದ ಹರಳು

ಹೊರಗಿನಿಂದ ಬೀಗ ಬಿದ್ದ ಸದ್ದಿಗೆ ಸುರೇಶ ಗಕ್ಕನೆ ತಿರುಗಿದ.

“ಇದೇನ್ ಸಾರ್? ಆ ಕಾನ್‌ಸ್ಟೇಬಲ್ ನಮ್ಮನ್ನ ಒಳಗಿಟ್ಟು ಬೀಗ ಹಾಕ್ತಿದಾನಲ್ಲ!”

“ಹಾಕ್ಕೊಳ್ಳಲಿ ಬಿಡಿ. ಒಂದು ಗಂಟೆಗೆ ತೆಗೀತಾನೆ,” ಎಂದು ಮಹದೇವ ತನ್ನ ಕೈಚೀಲವನ್ನು ಮೇಜಿನ ಮೇಲಿಟ್ಟ. “ಅಲ್ಲೀತನಕ ನೀವು, ನಾನು, ಆ ಹರಳು. ಬೇರೆ ಯಾರೂ ಬೇಡ.”

ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಎರಡು ನಿಮಿಷವಿತ್ತು.

ಬೆಸೆಂಟ್ ನಗರದ ಆಚೆಗಿದ್ದ ಆ ಸಂಶೋಧನಾ ಕೇಂದ್ರದ ನೆಲಮಾಳಿಗೆಗೆ ಕಿಟಕಿ ಎಂಬುದೇ ಇರಲಿಲ್ಲ. ಒಂದು ಕಬ್ಬಿಣದ ಬಾಗಿಲು, ಅದರಲ್ಲಿ ಅಂಗೈಯಗಲದ ಗಾಜು, ಗೋಡೆಯ ಮೇಲುಗಡೆ ಗೊರಗೊರ ಎನ್ನುವ ಒಂದು ಫ್ಯಾನು, ಅಷ್ಟೇ. ಮೇಜಿನ ಮೇಲಿದ್ದ ಫೋನನ್ನು ಬೆರಳಚ್ಚು ನೋಡಬೇಕೆಂದು ಪೊಲೀಸರು ಕಿತ್ತುಕೊಂಡು ಹೋಗಿದ್ದರು. ಮೊಬೈಲು ಮೆಟ್ಟಿಲು ಇಳಿಯುವಾಗಲೇ ಸಿಗ್ನಲ್ ಕಳೆದುಕೊಂಡು ಸುಮ್ಮನಾಗಿತ್ತು.

ಮೂರು ದಿನದ ಹಿಂದೆ, ಆಯುಧಪೂಜೆಯ ಸಂಜೆ, ಇದೇ ನೆಲದ ಮೇಲೆ ಪ್ರೊಫೆಸರ್ ವಿಷ್ಣುತೀರ್ಥರು ಉಸಿರುಗಟ್ಟಿ ಬಿದ್ದಿದ್ದರು. ಜೀವ ಹೇಗೋ ಉಳಿದಿತ್ತು, ಆಸ್ಪತ್ರೆಯಲ್ಲಿ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಅವರ ಶಿಷ್ಯೆ ನಿಶ್ಮಿತಾ ಈಗ ಪೊಲೀಸ್ ಠಾಣೆಯ ಬೆಂಚಿನ ಮೇಲಿದ್ದಳು. ಮೂರು ಗಂಟೆಗೆ ಅವಳನ್ನು ಕೋರ್ಟಿಗೆ ಕರೆದೊಯ್ಯುವವರಿದ್ದರು. ಅಲ್ಲಿಂದ ಮುಂದೆ ಜೈಲೇ.

ಪೊಲೀಸರ ಲೆಕ್ಕಾಚಾರ ನೇರವಾಗಿತ್ತು. ಅಂದು ಬೆಳಿಗ್ಗೆ ಪೂಜೆ ಮುಗಿದ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ಕೊನೆಯದಾಗಿ ಬೀಗ ಹಾಕಿದವಳು ನಿಶ್ಮಿತಾ. ಹೋಗುವಾಗ ಫ್ಯಾನು ಆರಿಸಿ, ದ್ರವ ನೈಟ್ರೋಜನ್ ಪಾತ್ರೆಯ ಕವಾಟ ತೆರೆದಿಟ್ಟಳು. ಅದು ಆವಿಯಾಗಿ ಕೋಣೆಯ ಗಾಳಿಯನ್ನೆಲ್ಲ ಹೊರಗೆ ನೂಕಿತು. ಎರಡು ಗಂಟೆಗೆ ತಮ್ಮ ಬೀಗದ ಕೈಯಿಂದ ಬಾಗಿಲು ತೆರೆದು ಒಳಗೆ ಕಾಲಿಟ್ಟ ಪ್ರೊಫೆಸರು ನಿಂತಲ್ಲೇ ಕುಸಿದರು. ಪ್ರಬಂಧದ ವಿಷಯಕ್ಕೆ ಗುರುವಿಗೂ ಶಿಷ್ಯೆಗೂ ಹಿಂದಿನ ವಾರವಷ್ಟೇ ಜಗಳವಾಗಿತ್ತು ಎಂಬುದೂ ಅವರ ಕಡತದಲ್ಲಿತ್ತು.

ಸಾಕ್ಷಿ ಏನು? ಕುಂಕುಮ. ಹರಳುಗಳನ್ನು ತಣಿಸುವ ಕ್ರಯೋಸ್ಟಾಟ್ ಎಂಬ ಆಳೆತ್ತರದ ಯಂತ್ರದ ಮುಚ್ಚಳಕ್ಕೂ ಮೈಗೂ ನಡುವಿನ ಸಂದಿಯ ಮೇಲೆ ಪೂಜೆಯ ಬೊಟ್ಟು ಹಾಗೇ ಇತ್ತು, ಅಳಿಸಿರಲಿಲ್ಲ. ಪೂಜೆಯ ನಂತರ ಮುಚ್ಚಳವನ್ನು ಯಾರೂ ತೆರೆದಿಲ್ಲ, ಅಂದರೆ ಪ್ರೊಫೆಸರು ಒಳಗೆ ಬಂದು ಕೆಲಸವನ್ನೇ ಮಾಡಿಲ್ಲ ಎಂದು ಇನ್ಸ್‌ಪೆಕ್ಟರು ಬರೆದುಕೊಂಡಿದ್ದರು. ಮಹದೇವ ಮಾತ್ರ ಆ ಬೊಟ್ಟನ್ನು ಕಂಡಾಗಿನಿಂದ ಅದನ್ನು ನಂಬಿರಲಿಲ್ಲ.

“ಮುಚ್ಚಳ ತೆಗೀರಿ,” ಎಂದ ಅವನು. “ಇನ್ಸ್‌ಪೆಕ್ಟರು ಒಪ್ಪಿದಾರೆ. ಹುಷಾರು, ಬೊಟ್ಟು ಎರಡು ಹೋಳಾದ್ರೆ ಆಗಲಿ, ಉಜ್ಜಿ ಹೋಗಬಾರದು.”

ಸುರೇಶ ನಲವತ್ತರ ಆಸುಪಾಸಿನವನು, ಮೈಸೂರಿನವನು. ಈ ಕೇಂದ್ರದಲ್ಲಿ ಪ್ರೊಫೆಸರ ನಂತರದ ಸ್ಥಾನ ಅವನದೇ. ಕುರುಚಲು ಗಡ್ಡ, ನಿದ್ದೆಗೆಟ್ಟ ಕಣ್ಣು. ಮುಚ್ಚಳ ಸಡಿಲಿಸಿ ಎತ್ತಿ ಪಕ್ಕಕ್ಕಿಟ್ಟ. ಉದ್ದನೆಯ ಕಡ್ಡಿಯೊಂದನ್ನು ಮೇಲಕ್ಕೆಳೆದು, ಅದರ ತುದಿಯಿಂದ ಅಕ್ಕಿಕಾಳಿಗಿಂತ ತುಸು ದಪ್ಪಗಿದ್ದ ಹೊಳೆಯುವ ಚೂರೊಂದನ್ನು ಚಿಮಟದಲ್ಲಿ ಬಿಡಿಸಿದ.

“ಇದೇ ಬೆಳ್ಳಿ ಹಾಕಿದ ಹರಳು. ನನ್ನ ಹರಳು,” ಎಂದ. ಕೊನೆಯ ಎರಡು ಮಾತು ಹೇಳುವಾಗ ಅವನ ದನಿ ಕೊಂಚ ಮೇಲೇರಿತು.

“ಇನ್ನೊಂದು?”

“ಆ ಸೀಸೆಯಲ್ಲಿದೆ. ಶುದ್ಧವಾದದ್ದು, ಬೆಳ್ಳಿ ಇಲ್ಲದ್ದು. ಅದನ್ನೂ ಹಿಂದೆ ತಣಿಸಿ ಆಗಿದೆ. ಯಾಕೆ, ನೀವೇನು ಇವನ್ನ ಅಳೀತೀರಾ? ಪೆರಂಬೂರಿನ ರೈಲು ಗಾಲಿ ಅಲ್ಲ ಇದು.”

ಚುಚ್ಚು ಮಾತು ಮಹದೇವನಿಗೆ ನಾಟಲಿಲ್ಲ. ನಂಜನಗೂಡಿನಿಂದ ಬಂದು ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಇಪ್ಪತ್ತೇಳು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಲೋಹದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಡುಕುವುದು. ಅವನು ಸರಿ ಎಂದರೆ ಅಚ್ಚು ಗಾಡಿಗೆ ಏರುತ್ತಿತ್ತು, ಇಲ್ಲವೆಂದರೆ ಗುಜರಿಗೆ. ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಕೀಲ್ಪಾಕ್‌ನಲ್ಲಿ, ಉಡುಪಿಯ ಮಧ್ವರಾಜರ ಹೋಟೆಲಿನ ಮಹಡಿಯ ಮೇಲೆ ಪತ್ತೇದಾರಿ ಆಫೀಸು ತೆರೆದಿದ್ದ. ಈಗ ಹುಡುಕುವುದು ಮನುಷ್ಯರ ಬಿರುಕು, ಸಂಬಳ ಮಾತ್ರ ಕಡಿಮೆ ಎಂದು ತಾನೇ ನಗುತ್ತಿದ್ದ. ನಿಶ್ಮಿತಾ ಆ ಮಧ್ವರಾಜರ ಮಗಳು. ಮೊಣಕಾಲೆತ್ತರ ಇದ್ದಾಗಿನಿಂದ ಅವಳನ್ನು ಕಂಡವನು.

ಚೀಲದಿಂದ ಮೂರು ಸ್ಪ್ರೇ ಡಬ್ಬಿ ಹೊರಬಂದವು. ಎರಡೂ ಹರಳುಗಳನ್ನು ಬಿಳಿ ಕಾಗದದ ಮೇಲೆ ಪಕ್ಕಪಕ್ಕಕ್ಕೆ ಇಟ್ಟು ಮಹದೇವ ಮೊದಲ ಡಬ್ಬಿಯನ್ನು ಒತ್ತಿದ. ರಕ್ತಗೆಂಪು ಬಣ್ಣ ಅವುಗಳ ಮೈಮೇಲೆ ಹರಡಿತು.

“ರೈಲು ಗಾಲಿಗೂ ಇದೇ ಬಣ್ಣ,” ಎಂದ. “ಬಿರುಕಿದ್ರೆ ಒಳಗೆ ಇಳೀತದೆ. ಹತ್ತು ನಿಮಿಷ ಬಿಟ್ಟು ಒರೆಸಿ ಬಿಳಿ ಪುಡಿ ಹೊಡೆದ್ರೆ ಬಿರುಕಿನ ಕಡೆಯಿಂದ ಮತ್ತೆ ಹೊರಗೆ ಬರ್ತದೆ. ಕೂತ್ಕೊಳ್ಳಿ.”

ಸುರೇಶ ಕೂರಲಿಲ್ಲ. ಬಾಗಿಲ ಬಳಿ ಹೋಗಿ ಗಾಜಿನಲ್ಲಿ ಇಣುಕಿದ. ಆಚೆ ಕಾನ್‌ಸ್ಟೇಬಲ್ ಸೆಲ್ವಂನ ಟೋಪಿ ಕಂಡಿತು. ಸುರೇಶನ ಹಣೆಯಲ್ಲಿ ಬೆವರು ಮೂಡುವುದನ್ನು ಮಹದೇವ ಒಳಗೊಳಗೇ ಖುಷಿಯಿಂದ ನೋಡಿದ. ಬಲೆ ಬೀಸಿದ್ದು ಅವನೇ ತಾನೆ! ಇಲಿ ಒಳಗೆ ಬಂದಿತ್ತು, ಬಾಗಿಲು ಮುಚ್ಚಿತ್ತು.

“ನಾನು ಪಂಡಿತ ಅಲ್ಲ,” ಎಂದು ಶುರುಮಾಡಿದ. “ಬೆಳಿಗ್ಗೆ ಠಾಣೆಯಲ್ಲಿ ನಿಶ್ಮಿತಾ ಹತ್ರ ಪಾಠ ಹೇಳಿಸಿಕೊಂಡು ಬಂದೆ.”

ಆ ಹುಡುಗಿ ಪಾಠ ಹೇಳುವಾಗ ತಾನು ಠಾಣೆಯಲ್ಲಿರುವುದನ್ನೂ ಮರೆತಿದ್ದಳು.

“ಅದು ಹೇಗೆ ಅಂದ್ರೆ ಅಂಕಲ್, ಮಠದಲ್ಲಿ ಪಂಕ್ತಿಗೆ ಕೂತ ಹಾಗೆ. ಎಲ್ಲ ಒತ್ತಿ ಒತ್ತಿ ಕೂತಿರ್ತಾರೆ ಅಲ್ವಾ? ಇಟರ್ಬಿಯಂ, ಇಂಡಿಯಂ, ತಾಮ್ರ ಸೇರಿದ ಈ ಶುದ್ಧ ಹರಳನ್ನು ತಣ್ಣಗೆ ಮಾಡ್ತಾ ಹೋದ್ರೆ, ಭಯಂಕರ ಚಳಿಯ ಒಂದು ಹಂತ ಉಂಟು. ಆಗ ಇಟರ್ಬಿಯಂ ಪರಮಾಣುಗಳು ಹೊರಗೆ ಹಂಚಿದ ಎಲೆಕ್ಟ್ರಾನನ್ನು ಸ್ವಲ್ಪ ವಾಪಸ್ ಎಳ್ಕೊಂಡು ದಪ್ಪ ಆಗ್ತಾವೆ. ವೇಲೆನ್ಸಿ ಬದಲಾಗುವುದು ಅಂದ್ರೆ ಅದೇ. ಪಂಕ್ತಿಯವರೆಲ್ಲ ಒಂದೇ ಸಲ ಮೊಣಕಾಲು ಅಗಲಿಸಿದ ಹಾಗೆ! ಹರಳಿಗೆ ತಡೆಯುವುದಕ್ಕೆ ಆಗುವುದಿಲ್ಲ. ಒಳಗೊಳಗೇ ಬಿರುಕು ಬಿಡ್ತದೆ.”

“ಬೆಳ್ಳಿ ಹಾಕಿದ್ರೆ?”

“ಇಂಡಿಯಂ ಇದ್ದ ಕೆಲವು ಜಾಗದಲ್ಲಿ ಬೆಳ್ಳಿ ಕೂರಿಸಿದ್ರೆ ಅಷ್ಟು ಚಳಿ ಬೇಕಾಗುವುದಿಲ್ಲ, ಮೊದಲೇ ಬದಲಾಗ್ತದೆ. ಆದ್ರೆ ಬೆಳ್ಳಿ ಜಾಸ್ತಿ ಆದ ಹಾಗೆ ಆ ಒಗ್ಗಟ್ಟು ಹೋಗ್ತದೆ ಅಂಕಲ್. ಪಂಕ್ತಿಯ ಮಧ್ಯೆ ಮಧ್ಯೆ ಬೇರೆ ಊರಿನವರು ಬಂದು ಕೂತ ಹಾಗೆ. ಒಬ್ಬೊಬ್ಬರೇ ನಿಧಾನಕ್ಕೆ ಸರಿದು ಕೂರ್ತಾರೆ. ಬಿರುಕು ಬರುವುದಿಲ್ಲ. ಸುರೇಶ್ ಸಾರ್ ಬರೆದದ್ದು ಮಾತ್ರ ಬೇರೆ. ಬೆಳ್ಳಿ ಅಷ್ಟು ಹಾಕಿದ್ರೂ ನೈಟ್ರೋಜನ್ ಚಳಿಯಲ್ಲೇ, ಒಂದೇ ಏಟಿಗೆ ಬದಲಾಯ್ತು ಅಂತ. ಅದನ್ನು ನೋಡಿ ಹೊರದೇಶದವರೆಲ್ಲ ಹೊಗಳಿದ್ರು. ನಮ್ಮ ಪ್ರೊಫೆಸರಿಗೆ ನಂಬಿಕೆ ಬರ್ಲಿಲ್ಲ. ಹಬ್ಬದ ದಿನ ಯಾರೂ ಇರುವುದಿಲ್ಲ, ನಾನೇ ಒಂದು ಸಲ ನೋಡ್ತೇನೆ ಅಂದಿದ್ರು.”

ಇಷ್ಟನ್ನು ಮಹದೇವ ತನ್ನದೇ ಮಾತಿನಲ್ಲಿ ಒಪ್ಪಿಸಿದ. ಫ್ಯಾನು ಗೊರಗುಟ್ಟುತ್ತಲೇ ಇತ್ತು.

ಹನ್ನೆರಡೂಕಾಲಿಗೆ ಮಹದೇವ ಹರಳುಗಳನ್ನು ಒರೆಸಿದ. ಬಿಳಿ ಪುಡಿ ಹೊಡೆದ. ಎದೆಯ ಜೇಬಿನಲ್ಲಿದ್ದ ಪೊಟ್ಟಣವೊಂದನ್ನು ಆಚೆ ಸರಿಸಿ ಭೂತಗನ್ನಡಿ ತೆಗೆದು ಬಗ್ಗಿದ.

ಶುದ್ಧ ಹರಳಿನ ಬಿಳಿಯ ಮೇಲೆ ಮೊದಲು ಒಂದು ಕೆಂಪು ಗೆರೆ ಎದ್ದಿತು. ಆಮೇಲೆ ಮತ್ತೊಂದು. ನೋಡನೋಡುತ್ತಿದ್ದಂತೆ ಇಡೀ ಹರಳು ಕೆಂಪು ಗೆರೆಗಳ ಬಲೆಯಾಯಿತು.

ಬೆಳ್ಳಿಯ ಹರಳು ಬೆಳ್ಳಗೆ ಹಾಗೇ ಇತ್ತು. ಒಂದು ನಿಮಿಷ ಕಾದ, ಎರಡು ನಿಮಿಷ ಕಾದ. ಒಂದೇ ಒಂದು ಗೆರೆ ಇಲ್ಲ.

“ಇದನ್ನ ಎಷ್ಟು ಸಲ ತಣಿಸಿದ್ರಿ?”

“ಮೂರು ಸಲ.”

“ಮೂರು ಸಲಾನೂ ಒಂದೇ ಏಟಿಗೆ ಬದಲಾಯ್ತು. ಒಂದೂ ಬಿರುಕು ಬಿಡಲಿಲ್ಲ. ಪುಣ್ಯ ಮಾಡಿದ ಹರಳು!”

ಸುರೇಶ ಸ್ಟೂಲಿನ ಮೇಲೆ ಕುಸಿದು ಕೂತ. ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ಮಾತು ಬಂತು.

“ಅದು ನಿಧಾನಕ್ಕೇ ಬದಲಾಯ್ತು. ನೀವು ಹೇಳಿದ ಹಾಗೇ. ಹದಿನಾಲ್ಕು ತಿಂಗಳ ಕೆಲಸ ಸಾರ್, ಯಾರ ಕಣ್ಣಿಗೂ ಬೀಳದ ಒಂದು ಸೊಟ್ಟ ಗೆರೆ. ಶುದ್ಧ ಹರಳಿನ ಗ್ರಾಫನ್ನೇ ತಗೊಂಡು ಉಷ್ಣಾಂಶದ ಅಂಕಿ ಬದಲಾಯಿಸಿದೆ. ಒಂದು ಸಾಯಂಕಾಲದ ಕೆಲಸ ಅಷ್ಟೆ. ಆಮೇಲೆ ಹೊಗಳಿಕೆ ಶುರುವಾಯ್ತು. ಹಿಂದಕ್ಕೆ ಬರೋ ದಾರೀನೇ ಇರಲಿಲ್ಲ.”

ಮಹದೇವನಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಆದರೆ ಠಾಣೆಯ ಬೆಂಚಿನ ಮೇಲೆ ಕೂತವಳ ನೆನಪಾಗಿ ಮನಸ್ಸು ಗಟ್ಟಿ ಮಾಡಿಕೊಂಡ.

“ಇಲ್ಲಿ ನೋಡಿ,” ಎಂದು ಕಳಚಿಟ್ಟಿದ್ದ ಮುಚ್ಚಳವನ್ನು ತೋರಿಸಿದ. “ಪೂಜೆ ಮಾಡಿದವನು ಟೆಕ್ನಿಷಿಯನ್ ಆರುಮುಗಂ. ಕುಲುಮೆ ನೋಡಿ, ತಕ್ಕಡಿ ನೋಡಿ, ಆ ಪಂಪು ನೋಡಿ. ಎಲ್ಲಾ ಕಡೆ ಅಡಿಯಲ್ಲಿ ಗಂಧ, ಮೇಲೆ ಕುಂಕುಮ. ಈ ತಮಿಳು ಊರಿನವರೆಲ್ಲ ಇಡೋದೇ ಹಾಗೆ. ವರ್ಕ್‌ಶಾಪಿನಲ್ಲಿ ಇಪ್ಪತ್ತೇಳು ಆಯುಧಪೂಜೆ ನೋಡಿದೀನಿ. ಗಂಧ ಒಣಗಿದ ಮೇಲೆ ಬೆಳ್ಳಗಾಗಿ ಚೂರು ಚೂರು ಉದುರ್ತದೆ. ಈ ಮುಚ್ಚಳದ್ದು ಮಾತ್ರ ಇನ್ನೂ ಹಳದಿಯಾಗಿದೆ.”

ಸೊಂಟದಿಂದ ಎಲೆಯಡಿಕೆಯ ಚೀಲ ತೆಗೆದ. ಸುಣ್ಣದ ಡಬ್ಬಿ ತೆರೆದು, ಕಿರುಬೆರಳಿನ ತುದಿಗೆ ಒಂದು ಚೂರು ಸುಣ್ಣ ಅಂಟಿಸಿಕೊಂಡು ಬೊಟ್ಟಿನ ಹಳದಿ ಅಂಚಿಗೆ ಮುಟ್ಟಿಸಿದ. ಮುಟ್ಟಿಸಿದ ಜಾಗ ಕೆಂಪಗಾಯಿತು. ಆರತಿಯ ತಟ್ಟೆಯ ಓಕುಳಿ ಬಣ್ಣ.

“ಅರಿಶಿನ!” ಎಂದ ಮಹದೇವ. “ಗಂಧ ಅಲ್ಲ. ಯಾರೋ ಪೂಜೆ ಆದಮೇಲೆ ಮುಚ್ಚಳ ತೆಗೆದಿದಾರೆ. ಬೊಟ್ಟು ಅಳಿಸಿ ಹೋಯ್ತು. ಮತ್ತೆ ಮುಚ್ಚಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊಸ ಬೊಟ್ಟು ಇಟ್ಟಿದಾರೆ. ಕೈ ಮಾತ್ರ ಮನೆಯ ಅಭ್ಯಾಸ ಬಿಡಲಿಲ್ಲ. ಅರಿಶಿನ, ಅದರ ಮೇಲೆ ಕುಂಕುಮ. ನಮ್ಮ ಮೈಸೂರು ಸೀಮೆಯ ಕೈ ಅದು.”

ಸುರೇಶ ತಲೆಯೆತ್ತಿದ.

“ಮುಚ್ಚಳ ತೆಗೆದಿದಾರೆ ಅಂದ್ರೆ ಪ್ರೊಫೆಸರು ಇಲ್ಲಿ ಚೆನ್ನಾಗೇ ಉಸಿರಾಡ್ತಾ ಕೆಲಸ ಮಾಡ್ತಿದ್ರು,” ಮಹದೇವ ಬಿಡಲಿಲ್ಲ. “ಅಂದ್ರೆ ನಿಶ್ಮಿತಾ ಕವಾಟ ಬಿಟ್ಟು ಹೋಗಿರಲಿಲ್ಲ. ಅದನ್ನ ಆಮೇಲೆ ಯಾರೋ ತೆರೆದ್ರು. ಅಷ್ಟು ಹೊತ್ತಿಗೆ ಆ ಹುಡುಗಿ ಕೀಲ್ಪಾಕ್‌ನಲ್ಲಿ ಅಪ್ಪನ ಹೋಟೆಲಿನ ಗ್ರೈಂಡರಿಗೆ ಪೂಜೆ ಮಾಡ್ತಿದ್ಲು, ಐವತ್ತು ಜನ ನೋಡಿದಾರೆ. ಇನ್ನು ಈ ಕೋಣೆಗೆ ಬಂದು ಹೋಗೋ ಕನ್ನಡದವರು ಯಾರು? ಒಬ್ಬರು ಪ್ರೊಫೆಸರು. ತಾವೇ ಉಸಿರುಗಟ್ಟಿಸಿಕೊಂಡು ಬೊಟ್ಟು ಇಡೋದಕ್ಕೆ ಆಗೋದಿಲ್ಲ. ಇನ್ನೊಬ್ಬರು ನೀವು. ನಿನ್ನೆ ಆರುಮುಗಂ ಪೂಜೆಯ ಪುರಿ ಕಡಲೆ ಕೊಟ್ಟಾಗ ಬೆಂಕಿ ಮುಟ್ಟಿದ ಹಾಗೆ ಕೈ ಹಿಂದಕ್ಕೆ ತಗೊಂಡ್ರಲ್ಲ, ಆಗಲೇ ನನಗೆ ಗೊತ್ತಾಯ್ತು.”

ಸುರೇಶ ನಗಲು ಹೋದ. ನಗು ಅರ್ಧಕ್ಕೇ ನಿಂತಿತು.

“ಅದಕ್ಕೇನಾ ನನ್ನನ್ನ ಇಲ್ಲಿ ಕೂಡಿ ಹಾಕಿದ್ದು? ಸಾರ್, ನಮ್ಮಪ್ಪ ಹೋಗಿ ಐದು ತಿಂಗಳಾಯ್ತು. ವರ್ಷ ತುಂಬೋವರೆಗೆ ನಮ್ಮ ಮನೇಲಿ ಹಬ್ಬ ಇಲ್ಲ. ಹಬ್ಬದ ಪ್ರಸಾದ ಅಂತ ಹೇಗೆ ತಗೊಳ್ಳಲಿ? ಈ ಗಡ್ಡ ನೋಡಿದ್ರೂ ಗೊತ್ತಾಗಲಿಲ್ವಾ ನಿಮಗೆ? ಅವತ್ತು ಅರಿಶಿನ ಕುಂಕುಮ ನನ್ನ ಕೈಗೆ ಎಲ್ಲಿಂದ ಬರಬೇಕು? ನಮ್ಮ ಮನೇಲಿ ಬೊಂಬೆ ಪೆಟ್ಟಿಗೇನೇ ತೆಗೆದಿಲ್ಲ.”

ಮಹದೇವನಿಗೆ ಚೆನ್ನಾಗಿ ಕಪಾಳಕ್ಕೆ ಬಿದ್ದಂತಾಯಿತು. ನಂಜನಗೂಡಿನವನಾಗಿ, ತಾನೂ ಅಪ್ಪನನ್ನು ಕಳೆದುಕೊಂಡ ವರ್ಷ ಹೀಗೇ ಕೂತವನಾಗಿ, ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

“ಹಾಗಾದ್ರೆ ಅವತ್ತು ನೀವು ಇಲ್ಲಿಗೆ ಬರಲೇ ಇಲ್ವಾ?”

ಸುರೇಶ ಕೈಬೆರಳು ಹಿಸುಕಿಕೊಂಡ.

“ಬಂದಿದ್ದೆ. ಎರಡೂವರೆಗೆ. ಪ್ರೊಫೆಸರು ನನ್ನ ಹರಳನ್ನ ನೋಡ್ತಾರೆ ಅಂತ ಗೊತ್ತಿತ್ತು. ಕಾಲಿಗೆ ಬಿದ್ದು ಒಪ್ಪಿಕೊಳ್ಳೋಣ ಅಂತ ಬಂದೆ. ಆ ಗಾಜಿನಲ್ಲಿ ನೋಡಿದೆ. ಮುಚ್ಚಳ ತೆಗೆದಿತ್ತು. ಪ್ರೊಫೆಸರು ನಿಂತುಕೊಂಡು ಏನೋ ಬರೀತಿದ್ರು, ಫ್ಯಾನು ತಿರುಗ್ತಿತ್ತು. ಒಳಗೆ ಬರೋ ಧೈರ್ಯ ಆಗಲಿಲ್ಲ, ವಾಪಸ್ ಹೋಗಿಬಿಟ್ಟೆ.”

“ಮೂರು ದಿನ ಬಾಯಿ ಮುಚ್ಚಿಕೊಂಡು ಕೂತ್ರಾ? ಒಂದು ಹುಡುಗಿ ಜೈಲಿಗೆ ಹೋಗ್ತಿದಾಳೆ ಕಣ್ರೀ!”

“ಬಂದಿದ್ದೆ ಅಂದ್ರೆ ಯಾಕೆ ಬಂದೆ ಅಂತ ಕೇಳ್ತಾರಲ್ಲ ಸಾರ್,” ಎಂದ ಸುರೇಶ. ಅಳುವುದೊಂದು ಬಾಕಿ. “ಈಗ ಹೇಳ್ತೀನಿ. ಬರೆದು ಕೊಡ್ತೀನಿ. ನನ್ನ ಕೆಲಸ ಹೋದ್ರೆ ಹೋಗಲಿ.”

ಮಹದೇವ ಉಸಿರು ಬಿಟ್ಟ. ಎರಡೂವರೆಗೆ ಪ್ರೊಫೆಸರು ನಿಂತುಕೊಂಡು ಬರೆಯುತ್ತಿದ್ದರು. ಇದೊಂದು ಮಾತು ಸಾಕು, ನಿಶ್ಮಿತಾ ಮೂರು ಗಂಟೆಗೆ ಕೋರ್ಟಿಗಲ್ಲ, ಮನೆಗೆ ಹೋಗುತ್ತಾಳೆ. ಆದರೂ ಬೊಟ್ಟು ಬೊಟ್ಟೇ. ಅದನ್ನು ಇಟ್ಟ ಬೆರಳು ಯಾವುದು?

“ಇನ್ನೇನಾದ್ರೂ ಕಂಡಿರಾ? ನೆನಪು ಮಾಡಿಕೊಳ್ಳಿ. ಈ ಮೇಜಿನ ಮೇಲೆ ಏನಿತ್ತು?”

“ಪುಸ್ತಕ. ಪೆನ್ನು. ಊಟದ ಕ್ಯಾರಿಯರ್ರು.”

“ಕ್ಯಾರಿಯರ್ರಾ?”

“ಸ್ಟೀಲಿಂದು, ನಾಲ್ಕು ಡಬ್ಬಿದು. ಹಿಡಿಗೆ ನೀಲಿ ವೈರ್ ಸುತ್ತಿತ್ತು. ಯಾಕೆ?”

ಸಂಜೆ ಐದೂವರೆಗೆ ಕಾವಲುಗಾರ ಬಾಗಿಲು ತೆರೆದಾಗ ಕೋಣೆಯಲ್ಲಿದ್ದ ವಸ್ತುಗಳ ಪಟ್ಟಿ ಅವನಿಗೆ ಬಾಯಿಪಾಠವಾಗಿತ್ತು. ಅದರಲ್ಲಿ ಕ್ಯಾರಿಯರ್ ಇರಲಿಲ್ಲ, ಆ ಪುಸ್ತಕವೂ ಇರಲಿಲ್ಲ.

ಆದರೆ ನೀಲಿ ವೈರ್ ಸುತ್ತಿದ ಹಿಡಿಯನ್ನು ಅವನು ಇವತ್ತು ಬೆಳಿಗ್ಗೆಯೇ ನೋಡಿದ್ದ.

ಕೀಲ್ಪಾಕ್‌ನ ಆಸ್ಪತ್ರೆಯ ಮೊಗಸಾಲೆ. ಪ್ರೊಫೆಸರ ಪತ್ನಿ ಅಂಬುಜಮ್ಮನವರು ಬೆಂಚಿನ ಮೇಲೆ ಕೂತಿದ್ದರು. ಕಾಲ ಬಳಿ ಆ ಕ್ಯಾರಿಯರ್. ರಾತ್ರಿ ಪ್ರೊಫೆಸರ ತುಟಿ ಅಲುಗಿತ್ತು, ಮಧ್ಯಾಹ್ನದ ಹೊತ್ತಿಗೆ ಮಾತಾಡಿದರೂ ಆಡಬಹುದು ಎಂದು ಡಾಕ್ಟರು ಹೇಳಿದ್ದರು.

“ಗಂಜಿ ತಂದಿದೀನಿ ಕಣಪ್ಪ,” ಎಂದಿದ್ದರು ಅವರು. “ಕಣ್ಣು ಬಿಟ್ರೆ ನನ್ನ ಕೈಯಿಂದ್ಲೇ ಒಂದು ಚಮಚ ಕೊಡ್ತೀನಿ. ಅವತ್ತು ನಾನು ಬೆಳಗಿನಿಂದ ಹೊಸಿಲು ದಾಟಲಿಲ್ಲ. ಬೊಂಬೆ ನೋಡೋದಕ್ಕೆ ಜನ ಬರ್ತಾನೇ ಇದ್ರು. ನಾನು ಹೋಗಿದ್ದಿದ್ರೆ ಅವರಿಗೆ ಹೀಗಾಗ್ತಿತ್ತಾ, ಹೇಳು?”

ಎಷ್ಟು ಮರುಕವಾಗಿತ್ತು ಮಹದೇವನಿಗೆ! ಹೊರಡುವಾಗ ಆಕೆ ಕೈಯಲ್ಲೊಂದು ಪೊಟ್ಟಣ ಇಟ್ಟಿದ್ದರು. “ಅರಿಶಿನ ಕುಂಕುಮ. ನಿನ್ನ ಹೆಂಡತಿಗೆ ಕೊಡು. ಅಂಗಡೀದಲ್ಲ, ಕುಂಕುಮ ನಾನೇ ಮನೇಲಿ ಮಾಡ್ತೀನಿ.”

ಎದೆಯ ಜೇಬಿನಿಂದ ಮಹದೇವ ಪೊಟ್ಟಣ ತೆಗೆದ. ಕಾಗದ ಬಿಚ್ಚಿ, ಒಂದು ಚಿಟಿಕೆ ಕುಂಕುಮವನ್ನು ಮುಚ್ಚಳದ ಬೊಟ್ಟಿನ ಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿದ. ಕುಲುಮೆಯ ಮೇಲೆ ಆರುಮುಗಂ ಇಟ್ಟಿದ್ದ ಅಂಗಡಿಯ ಕುಂಕುಮ ಕಣ್ಣಿಗೆ ಹೊಡೆಯುವ ಕೆಂಪು, ನುಣ್ಣನೆಯ ಹುಡಿ. ಇವೆರಡೂ ಹಾಗಲ್ಲ. ನೇರಳೆಗೆ ತಿರುಗಿದ ಕಪ್ಪುಗೆಂಪು, ತರಿತರಿ. ಒಂದೇ ಒರಳಿನಲ್ಲಿ ಕುಟ್ಟಿದ್ದು.

ಬರೀ ಊಟ ಕೊಟ್ಟು ಹೋಗಿದ್ದರೆ ಬಂದಿದ್ದೆ ಎನ್ನಲು ಏನು ಕಷ್ಟ? ಮುಚ್ಚಳ ಯಾಕೆ ಮುಚ್ಚಬೇಕು, ಬೊಟ್ಟು ಯಾಕೆ ಇಡಬೇಕು? ಊಟದಲ್ಲೇ ಮಂಪರು ಬರಿಸಿ, ಕವಾಟ ತೆರೆದು ಹೋಗಿರಬೇಕು. ಗೇಟಿನ ರಿಜಿಸ್ಟರಿನಲ್ಲಿದ್ದ ಹೆಸರುಗಳನ್ನೆಲ್ಲ ಮಹದೇವ ಜಾಲಾಡಿದ್ದ. ಇಪ್ಪತ್ತು ವರ್ಷದಿಂದ ಗಂಡನಿಗೆ ಬುತ್ತಿ ತರುವ ಅಮ್ಮನ ಹೆಸರನ್ನು ಯಾವ ಕಾವಲುಗಾರ ಬರೆದುಕೊಳ್ಳುತ್ತಾನೆ? ಬೊಟ್ಟು ಕನ್ನಡದ ಕೈಯದು ಎಂದು ಕಂಡುಹಿಡಿದು ಬೀಗಿದವನಿಗೆ, ಅರಿಶಿನ ಕುಂಕುಮವನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳುವ ಕೈ ಯಾರದು ಎಂಬುದು ಮಾತ್ರ ಹೊಳೆಯಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಯಾಕೆ ಮಾಡಿದರು? ಅದು ಆಮೇಲಿನ ಮಾತು. ಈಗ ಅವನನ್ನು ಹೆದರಿಸಿದ್ದು ಬೇರೆಯೇ. ಸುರೇಶ ಆಸ್ಪತ್ರೆಗೆ ನುಗ್ಗಿ ಪ್ರೊಫೆಸರ ಬಾಯಿ ಮುಚ್ಚಿಸಿಯಾನು ಎಂಬ ಭಯದಲ್ಲಿ ಬೆಳಿಗ್ಗೆ ಮಹದೇವನೇ ಪೊಲೀಸರಿಗೆ ಹೇಳಿ ವ್ಯವಸ್ಥೆ ಮಾಡಿಸಿದ್ದ. ಬಂಧುಗಳು ಬೇಡ, ವಿದ್ಯಾರ್ಥಿಗಳು ಬೇಡ, ಕೋಣೆಯಲ್ಲಿ ಅಂಬುಜಮ್ಮನವರೊಬ್ಬರೇ ಇರಲಿ. ಹನ್ನೆರಡೂವರೆಗೆ ನರ್ಸು ಊಟಕ್ಕೆ ಹೋದರೂ ಚಿಂತೆಯಿಲ್ಲ, ಬಾಗಿಲಲ್ಲಿ ಕಾವಲಿದೆ ಎಂದು ಆಕೆಗೆ ಧೈರ್ಯವನ್ನೂ ಹೇಳಿ ಬಂದಿದ್ದ.

ಗಡಿಯಾರ ಹನ್ನೆರಡು ಇಪ್ಪತ್ತೆಂಟು ತೋರಿಸುತ್ತಿತ್ತು.

ಮಹದೇವ ಬಾಗಿಲಿಗೆ ಓಡಿದ. ಎರಡೂ ಮುಷ್ಟಿಯಿಂದ ಕಬ್ಬಿಣವನ್ನು ಗುದ್ದಿದ.

“ಸೆಲ್ವಂ! ಬೀಗ ತೆಗಿ! ಬೇಗ!”

ಗಾಜಿನಲ್ಲಿ ಸೆಲ್ವಂನ ದುಂಡು ಮುಖ ಕಾಣಿಸಿತು. ಹೊಸೂರು ಕಡೆಯವನು, ಕನ್ನಡಕ್ಕೆ ತಮಿಳು ಕಲಸಿ ಮಾತಾಡುವವನು, ಗಂಟೆಗೆ ಮಣಿ ಎನ್ನುವವನು. ಒಳ್ಳೆಯ ಮನುಷ್ಯ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ಮುಖದ ತುಂಬ ನಗು.

“ಎನ್ನ ಸಾರ್, ಪರೀಕ್ಷೆ ಮಾಡ್ತೀರಾ ನನ್ನ?” ದಪ್ಪ ಬಾಗಿಲಿನಾಚೆಯಿಂದ ದನಿ ಸಣ್ಣಗೆ ಬಂತು. “ಒಂದು ಮಣಿಗೆ ಮುಂಚೆ ತೆಗೀಬ್ಯಾಡ ಅಂತ ನೀವೇ ಹೇಳಿದ್ರಲ್ಲ!”

“ಆಗ ಹೇಳಿದ್ದೆ ಕಣಯ್ಯಾ! ಈಗ ತೆಗಿ ಅಂತಿದೀನಿ! ಆಸ್ಪತ್ರೆಗಾದ್ರೂ ಒಂದು ಫೋನ್ ಮಾಡು, ಅಲ್ಲಿ ಒಂದು ಜೀವ ಹೋಗ್ತದೆ!”

ಸೆಲ್ವಂ ಇನ್ನಷ್ಟು ನಕ್ಕ. ಸುರೇಶನ ಕಡೆಗೆ ಕಣ್ಣು ತಿರುಗಿಸಿ, ಎಲ್ಲ ಅರ್ಥವಾಯಿತು ಎನ್ನುವಂತೆ ಮಹದೇವನಿಗೆ ಕಣ್ಣು ಮಿಟುಕಿಸಿದ.

“ಅದೂ ಹೇಳಿದ್ರಿ ಸಾರ್. ಆ ಆಳು ನಿಮ್ಮ ಕೈಯಿಂದ್ಲೇ ಕೂಗಿಸ್ತಾನೆ, ಜೀವ ಹೋಗ್ತದೆ ಅಂತ ನೀವೇ ಅಂದ್ರೂ ತೆಗೀಬ್ಯಾಡ ಅಂತ. ನಾನು ಮರೆಯಲ್ಲ ಸಾರ್. ಟೀ ಕುಡಿದು ಬರ್ತೀನಿ, ಕರೆಕ್ಟಾಗಿ ಒಂದು ಮಣಿಗೆ ಇಲ್ಲಿರ್ತೀನಿ.”

ಮುಖ ಗಾಜಿನಿಂದ ಸರಿಯಿತು. ಬೂಟಿನ ಸದ್ದು ಒಂದೊಂದೇ ಮೆಟ್ಟಿಲು ಹತ್ತಿ ದೂರವಾಯಿತು.